ಕಾರ್ಲೋಸ್ ಚಾಗಸ್

ಕಾರ್ಲೋಸ್ ರಿಬೇರೊ ಜುಸ್ಟಿನಿಯಾನೊ ದಾಸ್ ಚಾಗಸ್ (9 ಜುಲೈ 1878 – 8 ನವೆಂಬರ್ 1934) ಬ್ರೆಜಿಲ್ ದೇಶದ ವೈದ್ಯರು, ಸೂಕ್ಷ್ಮಜೀವಿ ಸಂಶೋಧಕರು ಮತ್ತು ಸಾರ್ವಜನಿಕ ಆರೋಗ್ಯ ಇಲಾಖೆಯ ಆಡಳಿತಗಾರರು. ಇವರ ಹೆಸರಿನಿಂದಲೇ ಇಂದು ಕರೆಯಲ್ಪಡುವ ಚಾಗಸ್ ಕಾಯಿಲೆಯನ್ನು 1909ರಲ್ಲಿ ಕಂಡುಹಿಡಿದರು. ರೋಗವನ್ನು ಉಂಟುಮಾಡುವ ಪರೋಪಜೀವಿ, ಅದನ್ನು ಹರಡುವ ಕೀಟ, ಅದು ಆಶ್ರಯ ಪಡೆಯುವ ಪ್ರಾಣಿಗಳು, ಮನುಷ್ಯನಲ್ಲಿ ಕಾಣುವ ಲಕ್ಷಣಗಳು – ಇವೆಲ್ಲವನ್ನೂ ಒಬ್ಬನೇ ಸಂಶೋಧಕ ಗುರುತಿಸಿದ್ದು ವೈದ್ಯಕೀಯ ಚರಿತ್ರೆಯಲ್ಲಿ ಬಹು ಅಪರೂಪ. ಈ ರೋಗವು ಹೃದಯದ ಸ್ನಾಯುವನ್ನು ಹಾಳುಮಾಡಿ ಬಡಿತದ ಲಯವನ್ನು ಕೆಡಿಸುತ್ತದೆ ಎಂಬುದನ್ನೂ ಮೊದಲು ವಿವರಿಸಿದವರು ಇವರೇ. ಎದೆಯನ್ನು ತೆರೆಯದೆ, ಕೇವಲ ಸೂಜಿಯ ಮೂಲಕ ಹೃದಯದ ಹೊರಮೈಯನ್ನು ತಲುಪಿ ಲಯದೋಷಕ್ಕೆ ಚಿಕಿತ್ಸೆ ನೀಡುವ ಆಧುನಿಕ ವಿಧಾನವು ಮೊದಲು ರೂಪುಗೊಂಡದ್ದು ಚಾಗಸ್ ಕಾಯಿಲೆಯ ರೋಗಿಗಳಿಗಾಗಿ.

ಪೋರ್ಚುಗೀಸ್ ಉಚ್ಚಾರಣೆಯಲ್ಲಿ ಇವರ ಹೆಸರು ಶಾಗಸ್ ಎಂಬುದಕ್ಕೆ ಹತ್ತಿರವಾಗಿದೆ. ಕನ್ನಡದಲ್ಲಿ ಚಾಗಸ್ ಎಂಬ ರೂಪವೇ ರೂಢಿಯಲ್ಲಿರುವುದರಿಂದ ಇಲ್ಲಿ ಅದನ್ನೇ ಬಳಸಲಾಗಿದೆ. ಜನ್ಮವರ್ಷವನ್ನು ಕೆಲವು ಹಳೆಯ ಗ್ರಂಥಗಳು 1879 ಎಂದು ನಮೂದಿಸಿವೆ.

ಜನನ ಮತ್ತು ಬಾಲ್ಯ

ಚಾಗಸ್ ಅವರು ಹುಟ್ಟಿದ್ದು ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯದ ಒಲಿವೇರಾ ಎಂಬ ಊರಿನ ಸಮೀಪದ ಒಂದು ಕಾಫಿ ತೋಟದಲ್ಲಿ. ತಂದೆ ಜೋಸೆ ಜುಸ್ಟಿನಿಯಾನೊ ದಾಸ್ ಚಾಗಸ್ ಕಾಫಿ ಬೆಳೆಗಾರರು. ತಾಯಿ ಮರಿಯಾನಾ ಕ್ಯಾಂಡಿಡಾ. ನಾಲ್ವರು ಮಕ್ಕಳಲ್ಲಿ ಕಾರ್ಲೋಸ್ ಹಿರಿಯವರು. ಅವರಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತೋಟದ ಆಡಳಿತವೂ ಮಕ್ಕಳ ಪಾಲನೆಯೂ ತಾಯಿಯ ಹೆಗಲಿಗೆ ಬಿದ್ದವು. ಆಕೆ ಗಟ್ಟಿ ಮನಸ್ಸಿನ ಹೆಂಗಸು.

ಹುಡುಗನನ್ನು ಇಟು ಎಂಬಲ್ಲಿನ ಜೆಸ್ಯೂಟ್ ಪಾದ್ರಿಗಳ ವಸತಿಶಾಲೆಗೆ ಕಳುಹಿಸಲಾಯಿತು. 1888ರ ಮೇ ತಿಂಗಳಲ್ಲಿ ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಯಿತು. ಬಿಡುಗಡೆ ಹೊಂದಿದ ಗುಲಾಮರು ತೋಟಗಳನ್ನು ಲೂಟಿ ಮಾಡುತ್ತಿದ್ದಾರೆಂಬ ಸುದ್ದಿ ಶಾಲೆಯವರೆಗೂ ಬಂದಾಗ, ಇನ್ನೂ ಹತ್ತು ತುಂಬದ ಹುಡುಗ ತಾಯಿಗೆ ಏನಾಯಿತೋ ಎಂದು ಯಾರ ಅಪ್ಪಣೆಯನ್ನೂ ಕೇಳದೆ ಶಾಲೆಯಿಂದ ಓಡಿಹೋದನು. ಪಾದ್ರಿಗಳು ಅವನನ್ನು ಶಾಲೆಯಿಂದ ಹೊರಹಾಕಿದರು. ಮುಂದಿನ ವ್ಯಾಸಂಗ ಸಾವೊ ಜೊವಾವ್ ದೆಲ್ ರೇ ಪಟ್ಟಣದಲ್ಲಿ ನಡೆಯಿತು.

ಮಗ ಎಂಜಿನಿಯರ್ ಆಗಬೇಕೆಂಬುದು ತಾಯಿಯ ಆಸೆ. ಅದರಂತೆ ಓರೊ ಪ್ರೆಟೊ ನಗರದ ಗಣಿ ವಿದ್ಯಾಲಯವನ್ನು ಸೇರಲು ಸಿದ್ಧತೆ ನಡೆಯಿತಾದರೂ ಅನಾರೋಗ್ಯದಿಂದ ಆ ಹಾದಿ ಮುಚ್ಚಿತು. ವೈದ್ಯರಾಗಿದ್ದ ಸೋದರಮಾವ ಒಬ್ಬರ ಪ್ರಭಾವದಿಂದ ಚಾಗಸ್ ವೈದ್ಯಕೀಯದತ್ತ ತಿರುಗಿದರು. ತಾಯಿಯನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ.

ವೈದ್ಯಕೀಯ ಶಿಕ್ಷಣ

1897ರಲ್ಲಿ ಚಾಗಸ್ ರಿಯೊ ಡಿ ಜನೈರೊ ನಗರದ ವೈದ್ಯಕೀಯ ಕಾಲೇಜನ್ನು ಸೇರಿದರು. ರಾಜಧಾನಿಯಾಗಿದ್ದ ಆ ನಗರವು ಅಂದು ಹಳದಿ ಜ್ವರ, ಸಿಡುಬು, ಪ್ಲೇಗು, ಮಲೇರಿಯಾಗಳ ಬೀಡಾಗಿತ್ತು. ವಿದೇಶೀ ಹಡಗುಗಳು ಅಲ್ಲಿ ಲಂಗರು ಹಾಕಲು ಅಂಜುತ್ತಿದ್ದವು. ಮಿಗೆಲ್ ಕೌಟೊ ಅವರಿಂದ ರೋಗಿಯನ್ನು ಹಾಸಿಗೆಯ ಬಳಿ ನಿಂತು ಪರೀಕ್ಷಿಸುವ ಶಿಸ್ತನ್ನೂ, ಫ್ರಾನ್ಸಿಸ್ಕೊ ಫಜಾರ್ಡೊ ಅವರಿಂದ ಮಲೇರಿಯಾ ಕುರಿತ ಸೂಕ್ಷ್ಮದರ್ಶಕದ ಅಭ್ಯಾಸವನ್ನೂ ಅವರು ಕಲಿತರು. ಚಾಗಸ್ ಅವರ ಮುಂದಿನ ಸಾಧನೆಗೆ ಈ ಎರಡೂ ವಿದ್ಯೆಗಳು ಸಮಾನವಾಗಿ ನೆರವಾದವು.

ಪದವಿಗಾಗಿ ಸಲ್ಲಿಸಬೇಕಾಗಿದ್ದ ಪ್ರಬಂಧವನ್ನು ಸಿದ್ಧಪಡಿಸಲು ಅವರು ನಗರದ ಹೊರವಲಯದ ಮಾಂಗಿನ್ಯೋಸ್ ಎಂಬಲ್ಲಿದ್ದ ಪ್ರಯೋಗಾಲಯಕ್ಕೆ ಹೋದರು. ಅದರ ಮುಖ್ಯಸ್ಥರು ಓಸ್ವಾಲ್ಡೊ ಕ್ರೂಜ್. ರಿಯೊ ನಗರವನ್ನು ಹಳದಿ ಜ್ವರದಿಂದ ಮುಕ್ತಗೊಳಿಸಿದ ಕೀರ್ತಿ ಇವರದು. ಮಲೇರಿಯಾ ರೋಗಿಗಳ ರಕ್ತದಲ್ಲಾಗುವ ಬದಲಾವಣೆಗಳನ್ನು ಕುರಿತು ಬರೆದ ಪ್ರಬಂಧದೊಂದಿಗೆ 1903ರಲ್ಲಿ ಚಾಗಸ್ ಪದವೀಧರರಾದರು. ತಮ್ಮ ಸಂಸ್ಥೆಯಲ್ಲಿಯೇ ಉಳಿಯುವಂತೆ ಕ್ರೂಜ್ ಕೇಳಿಕೊಂಡರೂ ಮೊದಲು ಚಾಗಸ್ ಒಪ್ಪಲಿಲ್ಲ. ರೋಗಿಗಳನ್ನು ನೋಡುವ ವೈದ್ಯನಾಗುವುದೇ ಅವರ ಇಚ್ಛೆಯಾಗಿತ್ತು. 1904ರಲ್ಲಿ ಈರಿಸ್ ಲೋಬೊ ಅವರನ್ನು ವಿವಾಹವಾದರು.

ಮಲೇರಿಯಾ ವಿರುದ್ಧದ ಕೆಲಸ

1905ರಲ್ಲಿ ಸಾವೊ ಪೌಲೊ ಪ್ರಾಂತ್ಯದ ಇಟಾಟಿಂಗ ಎಂಬಲ್ಲಿ ಸ್ಯಾಂಟೋಸ್ ಬಂದರಿನ ಕಂಪನಿಯೊಂದು ಜಲವಿದ್ಯುತ್ ಕಾಮಗಾರಿ ನಡೆಸುತ್ತಿತ್ತು. ಕೂಲಿಕಾರರು ಮಲೇರಿಯಾದಿಂದ ನರಳಿ ಕೆಲಸ ನಿಂತುಹೋಗುವ ಸ್ಥಿತಿ ಬಂದಾಗ ಚಾಗಸ್ ಅವರನ್ನು ಅಲ್ಲಿಗೆ ಕಳುಹಿಸಲಾಯಿತು. ಜೌಗು ಪ್ರದೇಶಗಳನ್ನು ಒಣಗಿಸಿ ಸೊಳ್ಳೆಯ ಮರಿಗಳನ್ನು ಕೊಲ್ಲುವುದು ಆ ಕಾಲದ ಪದ್ಧತಿ. ಕಾಡಿನ ನಡುವೆ ಅದು ಸಾಧ್ಯವಿರಲಿಲ್ಲ. ರೋಗಿಯ ರಕ್ತವನ್ನು ಕುಡಿದ ಸೊಳ್ಳೆ ಆ ಮನೆಯ ಗೋಡೆಯ ಮೇಲೆಯೇ ವಿಶ್ರಮಿಸುತ್ತದೆ, ಆದ್ದರಿಂದ ಮಲೇರಿಯಾ ಮುಖ್ಯವಾಗಿ ಮನೆಯೊಳಗೆ ಅಂಟುವ ರೋಗ ಎಂದು ಚಾಗಸ್ ತರ್ಕಿಸಿದರು. ಮನೆಗಳ ಒಳಗೆ ಹೊಗೆ ಹಾಕಿಸಿ ಸೊಳ್ಳೆಗಳನ್ನು ಕೊಲ್ಲಿಸಿದರು, ರೋಗಿಗಳಿಗೆ ಕ್ವಿನೈನ್ ಕೊಡಿಸಿದರು. ಕೆಲವೇ ತಿಂಗಳುಗಳಲ್ಲಿ ರೋಗ ಹತೋಟಿಗೆ ಬಂತು. ದಶಕಗಳ ನಂತರ ಡಿ.ಡಿ.ಟಿ. ಬಂದಾಗ ಜಗತ್ತಿನಾದ್ಯಂತ ಮನೆಗಳ ಒಳಗೋಡೆಗಳಿಗೆ ಅದನ್ನು ಸಿಂಪಡಿಸುವ ಕ್ರಮ ಜಾರಿಯಾಯಿತು. ಅದರ ಹಿಂದಿನ ತತ್ತ್ವ ಇದೇ ಆಗಿತ್ತು. ಆದರೆ ಆ ಸಂದರ್ಭದಲ್ಲಿ ಚಾಗಸ್ ಹೆಸರನ್ನು ನೆನೆದವರು ಕಡಿಮೆ.

ಲಸಾನ್ಸ್: ರೈಲುಗಾಡಿಯ ಪ್ರಯೋಗಾಲಯ

1907ರಲ್ಲಿ ಚಾಗಸ್, ವೈದ್ಯ ಬೆಲಿಸಾರಿಯೊ ಪೆನ್ನಾ ಅವರೊಂದಿಗೆ ಮಿನಾಸ್ ಜೆರೈಸ್‌ನ ಒಳನಾಡಿಗೆ ತೆರಳಿದರು. ಅಲ್ಲಿ ಸೆಂಟ್ರಲ್ ಬ್ರೆಜಿಲ್ ರೈಲುಮಾರ್ಗವನ್ನು ಸಾವೊ ಫ್ರಾನ್ಸಿಸ್ಕೊ ನದೀತೀರದ ಪಿರಪೋರಾವರೆಗೆ ವಿಸ್ತರಿಸುವ ಕೆಲಸವು ಮಲೇರಿಯಾದಿಂದಾಗಿ ಕುಂಠಿತವಾಗಿತ್ತು. ಲಸಾನ್ಸ್ ಎಂಬ ಪುಟ್ಟ ಊರಿನಲ್ಲಿ ಅವರ ಶಿಬಿರ. ಒಂದು ರೈಲುಡಬ್ಬಿಯೇ ಅವರಿಗೆ ಮಲಗುವ ಕೋಣೆ, ಪ್ರಯೋಗಾಲಯ ಮತ್ತು ರೋಗಿಗಳನ್ನು ನೋಡುವ ಕೊಠಡಿಯಾಯಿತು. ಒಂದು ವರ್ಷಕ್ಕೂ ಮೀರಿ ಅವರು ಹೀಗೆ ಬದುಕಿದರು.

ಮಲೇರಿಯಾಗೆಂದು ಬಂದವರ ಕಣ್ಣಿಗೆ ಬೇರೆಯದೇ ಸಂಗತಿಗಳು ಬೀಳತೊಡಗಿದವು. ಊರಿನ ಬಡವರಲ್ಲಿ ಹಲವರ ನಾಡಿ ತಪ್ಪುತಪ್ಪಾಗಿ ಬಡಿಯುತ್ತಿತ್ತು. ಕೆಲವರದು ಅತಿ ನಿಧಾನ, ಕೆಲವರದು ನಡುನಡುವೆ ತಡವರಿಸಿ ಮತ್ತೆ ಓಡುವ ಬಡಿತ. ಗಟ್ಟಿಮುಟ್ಟಾಗಿ ಕಾಣುತ್ತಿದ್ದ ನಡುವಯಸ್ಸಿನವರು ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಿದ್ದರು. ಮಲೇರಿಯಾದಿಂದಾಗಲಿ ಸಿಫಿಲಿಸ್‌ನಿಂದಾಗಲಿ ಇದನ್ನು ವಿವರಿಸಲು ಬರುವಂತಿರಲಿಲ್ಲ.

1908ರಲ್ಲಿ ಕ್ಯಾಂಟರಿನೊ ಮೋಟಾ ಎಂಬ ರೈಲ್ವೆ ಎಂಜಿನಿಯರ್ ಅವರಿಗೆ ಒಂದು ಕೀಟವನ್ನು ತೋರಿಸಿದರು. ತಿಗಣೆಯ ದೂರದ ಸಂಬಂಧಿಯಾದರೂ ಅದಕ್ಕಿಂತ ಬಹಳ ದೊಡ್ಡದಾದ, ರೆಕ್ಕೆಯುಳ್ಳ, ರಕ್ತ ಹೀರುವ ಕೀಟವದು. ಕೋಲುಗಳ ತಡಿಕೆಗೆ ಮಣ್ಣು ಮೆತ್ತಿ ಕಟ್ಟಿದ ಗೋಡೆಗಳ ಬಿರುಕುಗಳಲ್ಲಿಯೂ ಹುಲ್ಲುಮಾಡಿನಲ್ಲಿಯೂ ಹಗಲು ಅಡಗಿದ್ದು, ರಾತ್ರಿ ದೀಪ ಆರಿದ ಮೇಲೆ ಇಳಿದು ಮಲಗಿದವರ ರಕ್ತ ಹೀರುತ್ತಿತ್ತು. ಹೊದಿಕೆಯಿಂದ ಹೊರಗಿರುವ ಮುಖವನ್ನೇ ಹೆಚ್ಚಾಗಿ ಕಚ್ಚುತ್ತಿದ್ದುದರಿಂದ ಜನರು ಅದನ್ನು ಬಾರ್ಬೇರೊ, ಅಂದರೆ ಕ್ಷೌರಿಕ, ಎಂದು ಕರೆಯುತ್ತಿದ್ದರು. ರಕ್ತ ಹೀರುವ ಕೀಟ ರೋಗವನ್ನೂ ಹೊತ್ತಿರಬಹುದು ಎಂಬ ಗುಮಾನಿ ಚಾಗಸ್ ಅವರಿಗೆ ತಕ್ಷಣ ಬಂತು. ಸೊಳ್ಳೆ ಮತ್ತು ಮಲೇರಿಯಾಗಳ ಸಂಬಂಧ ಸಿದ್ಧವಾಗಿ ಅಂದಿಗೆ ಹತ್ತು ವರ್ಷವಷ್ಟೇ ಆಗಿತ್ತು.

ರೋಗದ ಶೋಧ

ಕೀಟದ ಕರುಳನ್ನು ಕೊಯ್ದು ಸೂಕ್ಷ್ಮದರ್ಶಕದಡಿ ನೋಡಿದಾಗ ಬಾಲದಂತಹ ಎಳೆಯುಳ್ಳ ಏಕಕೋಶಜೀವಿಗಳು ಕಂಡವು. ಇದಕ್ಕೂ ಮೊದಲು ಅದೇ ಪ್ರದೇಶದ ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳ ರಕ್ತದಲ್ಲಿ ಚಾಗಸ್ ಒಂದು ಬಗೆಯ ಟ್ರಿಪನೊಸೋಮವನ್ನು ಕಂಡಿದ್ದರು. ಕೀಟದಲ್ಲಿರುವುದು ಅದರದೇ ಬೆಳವಣಿಗೆಯ ಹಂತವೋ ಅಥವಾ ಬೇರೆಯೋ ಎಂಬುದು ತೀರ್ಮಾನವಾಗಬೇಕಿತ್ತು. ಲಸಾನ್ಸ್‌ನ ಕೋತಿಗಳಿಗೆ ಮೊದಲೇ ಸೋಂಕು ಇರುವ ಸಾಧ್ಯತೆಯಿದ್ದುದರಿಂದ ಅಲ್ಲಿ ಪರೀಕ್ಷೆ ನಡೆಸುವಂತಿರಲಿಲ್ಲ. ಚಾಗಸ್ ಕೀಟಗಳನ್ನು ರಿಯೊದಲ್ಲಿದ್ದ ಓಸ್ವಾಲ್ಡೊ ಕ್ರೂಜ್ ಅವರಿಗೆ ಕಳುಹಿಸಿದರು. ಪ್ರಯೋಗಾಲಯದ ಆರೋಗ್ಯವಂತ ಕೋತಿಗಳನ್ನು ಆ ಕೀಟಗಳಿಗೆ ಒಡ್ಡಲಾಯಿತು. ಕೆಲವು ವಾರಗಳಲ್ಲಿ ಅವುಗಳ ರಕ್ತದಲ್ಲಿ ಹಿಂದೆಂದೂ ವರ್ಣಿತವಾಗಿರದ ಟ್ರಿಪನೊಸೋಮ ಕಾಣಿಸಿಕೊಂಡಿತು. ಗುರುವಿನ ಗೌರವಾರ್ಥ ಚಾಗಸ್ ಅದಕ್ಕೆ ಕ್ರೂಜಿ ಎಂಬ ಹೆಸರನ್ನಿಟ್ಟರು. ಇಂದು ಅದು ಟ್ರಿಪನೊಸೋಮ ಕ್ರೂಜಿ.

ಇಲ್ಲಿ ಒಂದು ವೈಶಿಷ್ಟ್ಯವಿದೆ. ಸಾಮಾನ್ಯವಾಗಿ ಮೊದಲು ರೋಗ ಗೊತ್ತಾಗುತ್ತದೆ, ಆಮೇಲೆ ಅದರ ಕಾರಣವನ್ನು ಹುಡುಕುತ್ತಾರೆ. ಚಾಗಸ್ ಅವರ ಕೈಯಲ್ಲಿ ಕೀಟವಿತ್ತು, ಪರೋಪಜೀವಿಯಿತ್ತು. ರೋಗವೇ ಇನ್ನೂ ಸಿಕ್ಕಿರಲಿಲ್ಲ. ಲಸಾನ್ಸ್‌ಗೆ ಹಿಂದಿರುಗಿದ ಅವರು ಕೀಟಗಳಿಂದ ತುಂಬಿದ್ದ ಮನೆಗಳ ಜನರ ಮತ್ತು ಸಾಕುಪ್ರಾಣಿಗಳ ರಕ್ತವನ್ನು ಪರೀಕ್ಷಿಸುತ್ತ ಹೋದರು. ಮೊದಲು ಒಂದು ಬೆಕ್ಕಿನ ರಕ್ತದಲ್ಲಿ ಪರೋಪಜೀವಿ ಸಿಕ್ಕಿತು. ಕೊನೆಗೆ 1909ರ ಏಪ್ರಿಲ್ 14ರಂದು ಜ್ವರ, ಮುಖದ ಬಾವು ಮತ್ತು ಊದಿದ ಗ್ರಂಥಿಗಳಿಂದ ನರಳುತ್ತಿದ್ದ ಬೆರೆನಿಸ್ ಎಂಬ ಎರಡು ವರ್ಷದ ಹೆಣ್ಣುಮಗುವಿನ ರಕ್ತದಲ್ಲಿ ಅದು ಕಂಡುಬಂದಿತು. ಏಪ್ರಿಲ್ 22ರಂದು ಓಸ್ವಾಲ್ಡೊ ಕ್ರೂಜ್ ಈ ಶೋಧವನ್ನು ರಿಯೊದ ರಾಷ್ಟ್ರೀಯ ವೈದ್ಯಕೀಯ ಅಕಾಡೆಮಿಯಲ್ಲಿ ಪ್ರಕಟಿಸಿದರು. ಆಗ ಚಾಗಸ್ ಅವರಿಗೆ ಮೂವತ್ತು ವರ್ಷ.

ಬೆರೆನಿಸ್ ಆ ಜ್ವರದಿಂದ ಚೇತರಿಸಿಕೊಂಡಳು. ದಶಕಗಳ ಬಳಿಕ ವೈದ್ಯರು ಆಕೆಯನ್ನು ಮತ್ತೆ ಹುಡುಕಿ ಪರೀಕ್ಷಿಸಿದಾಗ ಪರೋಪಜೀವಿ ಇನ್ನೂ ಆಕೆಯ ದೇಹದಲ್ಲಿಯೇ ಇತ್ತು. ಆದರೆ ಹೃದಯಕ್ಕೆ ತೊಂದರೆಯಾಗಿರಲಿಲ್ಲ. ಎಪ್ಪತ್ತು ವರ್ಷ ದಾಟಿ ಬದುಕಿದ ಆಕೆ ತೀರಿಕೊಂಡದ್ದು ಈ ರೋಗದಿಂದಲ್ಲ.

ಹೃದಯದ ರೋಗವಾಗಿ ಚಾಗಸ್ ಕಾಯಿಲೆ

ರೋಗಕ್ಕೆ ಎರಡು ಹಂತಗಳಿವೆ. ಸೋಂಕು ತಗಲಿದ ಆರಂಭದ ವಾರಗಳಲ್ಲಿ ಜ್ವರ, ಬಾವು ಕಾಣಿಸಬಹುದು. ಎಷ್ಟೋ ಮಂದಿಗೆ ಅದೂ ತಿಳಿಯುವುದಿಲ್ಲ. ಅನಂತರ ಪರೋಪಜೀವಿ ಸದ್ದಿಲ್ಲದೆ ದೇಹದಲ್ಲಿ ಉಳಿದುಬಿಡುತ್ತದೆ. ಹತ್ತು, ಇಪ್ಪತ್ತು ಅಥವಾ ಮೂವತ್ತು ವರ್ಷಗಳ ನಂತರ, ಸೋಂಕಿತರಲ್ಲಿ ಶೇಕಡಾ 30ರವರೆಗಿನ ಜನರಲ್ಲಿ ಹೃದಯದ ಹಾನಿ ಬೆಳಕಿಗೆ ಬರುತ್ತದೆ. ಕೆಲವರಲ್ಲಿ ಅನ್ನನಾಳ ಅಥವಾ ದೊಡ್ಡ ಕರುಳು ಹಿಗ್ಗಿ ನಿಷ್ಕ್ರಿಯವಾಗುತ್ತದೆ.

ಲಸಾನ್ಸ್‌ನ ತಪ್ಪುನಾಡಿಗಳಿಗೆ ಕಾರಣ ಈ ಪರೋಪಜೀವಿಯೇ ಎಂಬುದನ್ನು ಚಾಗಸ್ ಬೇಗನೆ ಗ್ರಹಿಸಿದರು. ಮೃತರ ಹೃದಯಸ್ನಾಯುವಿನಲ್ಲಿ ಉರಿಯೂತವೂ ಪರೋಪಜೀವಿಯ ಗೂಡುಗಳೂ ಕಂಡವು. ಸಹೋದ್ಯೋಗಿ ಯೂರಿಕೊ ವಿಲ್ಲೇಲಾ ಅವರ ಜೊತೆ ಸೇರಿ 1922ರಲ್ಲಿ ಪ್ರಕಟಿಸಿದ ಲೇಖನದಲ್ಲಿ ರೋಗದ ಹೃದಯರೂಪವನ್ನು ವಿಸ್ತಾರವಾಗಿ ವರ್ಣಿಸಿದರು. ಹೃತ್ಕರ್ಣದಿಂದ ಹೃತ್ಕುಕ್ಷಿಗೆ ವಿದ್ಯುತ್ ಸಂಕೇತ ಸಾಗದೆ ನಿಂತುಹೋಗುವ ತಡೆ, ಅಕಾಲದಲ್ಲಿ ಹುಟ್ಟುವ ಬಡಿತಗಳು, ಹಠಾತ್ ಮರಣ ಇವೆಲ್ಲ ಅದರಲ್ಲಿವೆ. ಹೃದಯದ ವಿದ್ಯುತ್ತನ್ನು ದಾಖಲಿಸುವ ಇ.ಸಿ.ಜಿ. ಯಂತ್ರ ಆಗಿನ್ನೂ ಹೊಸತು. ಅದರ ನೆರವು ದೊರೆಯುವ ಮುನ್ನವೇ ಈ ಲಯದೋಷಗಳನ್ನು ಬಿಡಿಸಿ ಗುರುತಿಸಿದ್ದು ಮಿಗೆಲ್ ಕೌಟೊ ಅವರ ಶಿಷ್ಯನಿಗೆ ತಕ್ಕ ಕೆಲಸವೇ ಸರಿ.

ತಪ್ಪುಗಳು ಮತ್ತು ವಿವಾದ

ಚಾಗಸ್ ಅವರ ಬರಹಗಳಲ್ಲಿ ತಪ್ಪುಗಳೂ ಇದ್ದವು. ಕೀಟದ ಕಡಿತದಿಂದಲೇ ಸೋಂಕು ಬರುತ್ತದೆಂದು ಅವರು ಭಾವಿಸಿದ್ದರು. ಕೀಟದ ಮಲದಲ್ಲಿ ಪರೋಪಜೀವಿಯಿದ್ದು, ತುರಿಸಿಕೊಂಡ ಗಾಯ ಅಥವಾ ಕಣ್ಣಿನ ಮೂಲಕ ಅದು ದೇಹವನ್ನು ಸೇರುತ್ತದೆ ಎಂಬುದನ್ನು ಫ್ರೆಂಚ್ ವಿಜ್ಞಾನಿ ಎಮಿಲ್ ಬ್ರಂಪ್ಟ್ 1912ರಲ್ಲಿ ತೋರಿಸಿದರು. ಪ್ರಯೋಗದ ಪ್ರಾಣಿಗಳ ಶ್ವಾಸಕೋಶದಲ್ಲಿ ಕಂಡ ಬೇರೊಂದು ಸೂಕ್ಷ್ಮಜೀವಿಯನ್ನು ಟ್ರಿಪನೊಸೋಮದ ಜೀವನಚಕ್ರದ ಭಾಗವೆಂದು ಅವರು ತಿಳಿದದ್ದೂ ಉಂಟು. ಅದು ನ್ಯೂಮೊಸಿಸ್ಟಿಸ್, ಏಡ್ಸ್ ರೋಗಿಗಳ ನ್ಯುಮೋನಿಯಾದಿಂದಾಗಿ ಮುಂದೆ ಪ್ರಸಿದ್ಧವಾಯಿತು.

ಇವೆರಡಕ್ಕಿಂತ ದುಬಾರಿಯಾದ ತಪ್ಪು ಗಳಗಂಡದ ವಿಷಯದಲ್ಲಿ ಆಯಿತು. ಲಸಾನ್ಸ್ ಸುತ್ತಮುತ್ತ ಗಳಗಂಡವಿದ್ದವರು ಬಹಳ. ಅದೇ ಜನರಲ್ಲಿ ಪರೋಪಜೀವಿಯೂ ಇದ್ದುದರಿಂದ ಥೈರಾಯಿಡ್ ಗ್ರಂಥಿಯ ಊತವನ್ನು ಚಾಗಸ್ ಈ ರೋಗದ ಮುಖ್ಯ ಲಕ್ಷಣವೆಂದು ಸಾರಿದರು. ವಾಸ್ತವವಾಗಿ ಅದು ಅಯೋಡಿನ್ ಕೊರತೆಯಿಂದ ಬರುವ ತೊಂದರೆ. ಒಂದೇ ಊರಿನಲ್ಲಿ ಎರಡು ಪಿಡುಗುಗಳು ಒಟ್ಟಿಗೆ ಇದ್ದವು, ಅಷ್ಟೇ. ಅರ್ಜೆಂಟೀನಾದಲ್ಲಿ ಕೆಲಸ ಮಾಡುತ್ತಿದ್ದ ರುಡಾಲ್ಫ್ ಕ್ರೌಸ್ ಅಲ್ಲಿಯ ಕೀಟಗಳಲ್ಲಿ ಪರೋಪಜೀವಿ ಧಾರಾಳವಾಗಿದ್ದರೂ ಜನರಲ್ಲಿ ಚಾಗಸ್ ವರ್ಣಿಸಿದಂತಹ ರೋಗ ಕಾಣುವುದಿಲ್ಲವೆಂದು 1915ರ ಸುಮಾರಿಗೆ ಆಕ್ಷೇಪವೆತ್ತಿದರು. ಗಳಗಂಡವನ್ನೇ ಗುರುತಾಗಿ ಹಿಡಿದು ಹುಡುಕಿದವರಿಗೆ ರೋಗ ಸಿಗದೆ ಹೋದದ್ದು ಆಶ್ಚರ್ಯವಲ್ಲ.

ಸ್ವದೇಶದಲ್ಲಿ ವಿವಾದ ಇನ್ನೂ ಕಹಿಯಾಯಿತು. 1922ರ ಕೊನೆಯಲ್ಲಿ ವೈದ್ಯರೂ ಸಾಹಿತಿಯೂ ಆಗಿದ್ದ ಅಫ್ರಾನಿಯೊ ಪೇಶೋಟೊ ರಾಷ್ಟ್ರೀಯ ವೈದ್ಯಕೀಯ ಅಕಾಡೆಮಿಯಲ್ಲಿ ಚಾಗಸ್ ಶೋಧವನ್ನು ಲೇವಡಿ ಮಾಡಿದರು. ಇದು ಲಸಾನ್ಸ್‌ನ ಬೆರಳೆಣಿಕೆಯ ಜನರ ರೋಗ, ದೇಶವೆಲ್ಲ ರೋಗಗ್ರಸ್ತವೆಂದು ಸಾರಿ ಬ್ರೆಜಿಲ್‌ನ ಮಾನ ಕಳೆಯಲಾಗುತ್ತಿದೆ ಎಂಬುದು ವಿರೋಧಿಗಳ ವಾದದ ತಿರುಳು. ಪರೋಪಜೀವಿಯನ್ನು ಕಂಡುಹಿಡಿದ ಶ್ರೇಯಸ್ಸು ಕ್ರೂಜ್ ಅವರಿಗೆ ಸಲ್ಲಬೇಕೆಂದೂ ಕೆಲವರು ವಾದಿಸಿದರು. ಚಾಗಸ್ ಆಗ ಆರೋಗ್ಯ ಇಲಾಖೆಯ ಅತ್ಯುನ್ನತ ಹುದ್ದೆಯಲ್ಲಿದ್ದರು. ಅವರ ಆಡಳಿತದಿಂದ ಬೇಸತ್ತವರ ಸಿಟ್ಟೂ ಇದರೊಳಗೆ ಬೆರೆತಿತ್ತು. ಅವರ ಕೋರಿಕೆಯ ಮೇರೆಗೆ ಅಕಾಡೆಮಿ ಒಂದು ಸಮಿತಿಯನ್ನು ರಚಿಸಿತು. ಒಂದು ವರ್ಷದ ನಂತರ ಸಮಿತಿಯು ಶೋಧ ಚಾಗಸ್ ಅವರದೇ ಎಂದು ದೃಢಪಡಿಸಿತು. ಆದರೆ ರೋಗದ ಹರಹು ಎಷ್ಟು, ಗಳಗಂಡಕ್ಕೂ ಅದಕ್ಕೂ ಸಂಬಂಧವಿದೆಯೇ ಎಂಬ ಪ್ರಶ್ನೆಗಳನ್ನು ಬಗೆಹರಿಸದೆ ಬಿಟ್ಟಿತು. ನಿಜವಾದ ಚರ್ಚೆ ನಡೆಯಬೇಕಾಗಿದ್ದುದು ಆ ಪ್ರಶ್ನೆಗಳ ಮೇಲೆಯೇ. ಗಳಗಂಡದ ಗದ್ದಲದಲ್ಲಿ ಹೃದಯದ ವಿಷಯ ಹಿಂದೆ ಸರಿಯಿತು. ಅನೇಕ ವೈದ್ಯರು ಹಲವು ವರ್ಷ ಈ ರೋಗವನ್ನು ಹುಡುಕುವುದನ್ನೇ ಬಿಟ್ಟರು.

ಆಡಳಿತ ಮತ್ತು ಗೌರವಗಳು

1912ರಲ್ಲಿ ಹ್ಯಾಂಬರ್ಗ್‌ನ ಉಷ್ಣವಲಯ ರೋಗಗಳ ಸಂಸ್ಥೆಯು ಚಾಗಸ್ ಅವರಿಗೆ ಶೌಡಿನ್ ಪ್ರಶಸ್ತಿಯನ್ನಿತ್ತಿತು. 1912–13ರಲ್ಲಿ ಅವರು ಅಮೆಜಾನ್ ನದೀಕಣಿವೆಯಲ್ಲಿ ಸಂಚರಿಸಿ ರಬ್ಬರ್ ಸಂಗ್ರಹಿಸುವ ಕೂಲಿಗಳ ಆರೋಗ್ಯಸ್ಥಿತಿಯನ್ನು ಅಧ್ಯಯನ ಮಾಡಿದರು. 1917ರಲ್ಲಿ ಓಸ್ವಾಲ್ಡೊ ಕ್ರೂಜ್ ನಿಧನರಾದಾಗ ಗುರುವಿನ ಹೆಸರನ್ನು ಹೊತ್ತಿದ್ದ ಸಂಸ್ಥೆಯ ನಿರ್ದೇಶಕರಾಗಿ ನೇಮಕಗೊಂಡು ಕೊನೆಯುಸಿರಿನವರೆಗೂ ಆ ಹುದ್ದೆಯಲ್ಲಿದ್ದರು.

1918ರ ಇನ್‌ಫ್ಲುಯೆಂಜಾ ಮಹಾಮಾರಿ ರಿಯೊ ನಗರವನ್ನು ತತ್ತರಗೊಳಿಸಿದಾಗ ತುರ್ತು ಆಸ್ಪತ್ರೆಗಳನ್ನೂ ಚಿಕಿತ್ಸಾ ಕೇಂದ್ರಗಳನ್ನೂ ತೆರೆಸುವ ಹೊಣೆ ಅವರ ಮೇಲೆ ಬಿತ್ತು. 1920ರಲ್ಲಿ ಹೊಸದಾಗಿ ರಚಿತವಾದ ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ 1926ರವರೆಗೆ ದುಡಿದರು. ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ದಾದಿಯರ ಆಧುನಿಕ ಶಿಕ್ಷಣಕ್ಕೆ ಅಡಿಪಾಯ ಹಾಕಿದ್ದು ಈ ಅವಧಿಯ ಉಳಿಯುವಂತಹ ಕೆಲಸ. ಆಗ ಸ್ಥಾಪಿತವಾದ ಅನಾ ನೇರಿ ದಾದಿಯರ ಶಾಲೆ ಇಂದಿಗೂ ಇದೆ. 1921ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ಗೌರವ ಪದವಿಯನ್ನು ನೀಡಿತು. 1925ರಿಂದ ರಿಯೊದ ವೈದ್ಯಕೀಯ ಕಾಲೇಜಿನಲ್ಲಿ ಉಷ್ಣವಲಯದ ರೋಗಗಳ ಪ್ರಾಧ್ಯಾಪಕರಾದರು.

1913 ಮತ್ತು 1921ರಲ್ಲಿ ಅವರ ಹೆಸರು ನೊಬೆಲ್ ಪ್ರಶಸ್ತಿಗೆ ಸೂಚಿತವಾಗಿತ್ತು. 1921ರಲ್ಲಿ ವೈದ್ಯಕೀಯ ನೊಬೆಲ್ ಯಾರಿಗೂ ದೊರೆಯಲಿಲ್ಲ. ಸ್ವದೇಶದ ವಿರೋಧಿಗಳೇ ಪ್ರಶಸ್ತಿಯನ್ನು ತಪ್ಪಿಸಿದರೆಂಬ ಮಾತು ಬ್ರೆಜಿಲ್‌ನಲ್ಲಿ ಜನಜನಿತವಾಗಿದೆ. ಆದರೆ ಅಕಾಡೆಮಿಯಲ್ಲಿ ಬಹಿರಂಗ ವಿವಾದ ಸ್ಫೋಟಿಸಿದ್ದು ಅದರ ಮರುವರ್ಷ ಎಂಬುದನ್ನು ನೆನಪಿಡಬೇಕು.

ಕೌಟುಂಬಿಕ ಜೀವನ ಮತ್ತು ನಿಧನ

ಚಾಗಸ್ ದಂಪತಿಗಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯರಾದ ಎವಾಂಡ್ರೊ ಚಾಗಸ್ ತಂದೆಯ ಹಾದಿಯಲ್ಲಿಯೇ ನಡೆದು ಉಷ್ಣವಲಯದ ರೋಗಗಳ ಸಂಶೋಧಕರಾದರು. 1940ರಲ್ಲಿ ವಿಮಾನ ಅಪಘಾತದಲ್ಲಿ ಅಕಾಲ ಮರಣ ಹೊಂದಿದರು. ಕಿರಿಯರಾದ ಕಾರ್ಲೋಸ್ ಚಾಗಸ್ ಫಿಲ್ಯೊ ಜೀವಭೌತ ವಿಜ್ಞಾನಿಯಾಗಿ ಹೆಸರು ಮಾಡಿದರು.

ಕಾರ್ಲೋಸ್ ಚಾಗಸ್ 1934ರ ನವೆಂಬರ್ 8ರಂದು ರಿಯೊ ಡಿ ಜನೈರೊದಲ್ಲಿ ಹೃದಯಾಘಾತದಿಂದ ನಿಧನರಾದರು. ಅವರಿಗೆ ಐವತ್ತಾರು ವರ್ಷ.

ನಿಧನಾನಂತರದ ಮನ್ನಣೆ

ಚಾಗಸ್ ಅವರ ಮಾತು ನಿಜವೆಂದು ತೋರಿಸಿಕೊಟ್ಟವರಲ್ಲಿ ಅರ್ಜೆಂಟೀನಾದ ಸಾಲ್ವಡೋರ್ ಮಾಜಾ ಪ್ರಮುಖರು. ಉತ್ತರ ಅರ್ಜೆಂಟೀನಾದ ಹಳ್ಳಿಗಳಲ್ಲಿ ಸುತ್ತಿ ಅವರು ನೂರಾರು ರೋಗಿಗಳನ್ನು ಗುರುತಿಸಿದರು. ಚಾಗಸ್ ತೀರಿಕೊಂಡ ಮರುವರ್ಷ, 1935ರಲ್ಲಿ, ಸೆಸಿಲಿಯೊ ರೊಮಾನ್ಯಾ ಎಂಬ ವೈದ್ಯರು ಒಂದೇ ಕಣ್ಣಿನ ರೆಪ್ಪೆ ಊದಿಕೊಳ್ಳುವುದು ಹೊಸ ಸೋಂಕಿನ ಸ್ಪಷ್ಟ ಗುರುತು ಎಂದು ತಿಳಿಸಿದ ಮೇಲೆ ಹಳ್ಳಿಯ ವೈದ್ಯರಿಗೂ ರೋಗವನ್ನು ಹಿಡಿಯುವುದು ಸಾಧ್ಯವಾಯಿತು. 1943ರಿಂದ ಮಿನಾಸ್ ಜೆರೈಸ್‌ನ ಬಾಂಬುಯಿ ಕೇಂದ್ರದಲ್ಲಿ ಎಮ್ಯಾನುಯೆಲ್ ಡಿಯಾಸ್ ನಡೆಸಿದ ಕೆಲಸದಿಂದ ರೋಗದ ಹೃದಯರೂಪ ಎಷ್ಟು ವ್ಯಾಪಕವೆಂಬುದು ಖಚಿತವಾಯಿತು. ಗಳಗಂಡದ ವಾದ ಬಿದ್ದುಹೋಯಿತು. ಹೃದಯದ ವರ್ಣನೆ ಉಳಿಯಿತು.

ಮಣ್ಣಿನ ಗೋಡೆಗಳಿಗೆ ಕೀಟನಾಶಕ ಸಿಂಪಡಿಸಿ, ಮನೆಗಳನ್ನು ಸುಧಾರಿಸಿ, ರಕ್ತನಿಧಿಗಳಲ್ಲಿ ಪರೀಕ್ಷೆ ಕಡ್ಡಾಯಗೊಳಿಸಿದ್ದರಿಂದ ಹೊಸ ಸೋಂಕು ಬಹಳ ತಗ್ಗಿದೆ. ಮನೆಗಳಲ್ಲಿ ನೆಲೆಸುವ ಮುಖ್ಯ ವಾಹಕ ಕೀಟವಾದ ಟ್ರಯಾಟೋಮ ಇನ್‌ಫೆಸ್ಟಾನ್ಸ್ ಮೂಲಕ ರೋಗ ಹರಡುವುದು ಬ್ರೆಜಿಲ್‌ನಲ್ಲಿ ನಿಂತಿದೆಯೆಂದು 2006ರಲ್ಲಿ ಪ್ರಮಾಣೀಕರಿಸಲಾಯಿತು. ಆದರೂ ಹಿಂದೆ ಸೋಂಕು ತಗಲಿದ ಲಕ್ಷಾಂತರ ಜನರ ಹೃದಯಗಳಲ್ಲಿ ರೋಗ ಮುಂದುವರಿಯುತ್ತಿದೆ. ವಲಸೆ ಹೋದವರೊಂದಿಗೆ ಅದು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಸ್ಪೇನ್‌ನಂತಹ ದೇಶಗಳನ್ನೂ ತಲುಪಿದೆ.

ಹೃದಯದ ಹೊರಮೈಗೆ ದಾರಿ

ಸೋಂಕಿನಿಂದ ಸತ್ತ ಸ್ನಾಯುವಿನ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ಕಲೆಯ ನಡುವೆ ಅಲ್ಲಲ್ಲಿ ಬದುಕುಳಿದ ಸ್ನಾಯುವಿನ ಎಳೆಗಳ ಮೂಲಕ ವಿದ್ಯುತ್ ಸಂಕೇತ ನಿಧಾನವಾಗಿ ಸಾಗಿ, ಸುತ್ತು ಹಾಕಿ, ಹೊರಟ ಜಾಗಕ್ಕೆ ಮರಳುತ್ತದೆ. ಈ ಸುತ್ತಾಟ ನಿಲ್ಲದೆ ನಡೆದಾಗ ಹೃತ್ಕುಕ್ಷಿ ಅತಿವೇಗದಲ್ಲಿ ಬಡಿದುಕೊಳ್ಳುತ್ತದೆ. ಲಸಾನ್ಸ್‌ನ ಹಠಾತ್ ಸಾವುಗಳ ಹಿಂದಿನ ಒಂದು ಮುಖ್ಯ ಕಾರಣ ಇದು. ಇದಕ್ಕೆ ಒಂದು ಚಿಕಿತ್ಸೆಯೆಂದರೆ ತೊಡೆಯ ರಕ್ತನಾಳದ ಮೂಲಕ ಕ್ಯಾತೆಟರ್ ಎಂಬ ಸಪೂರ ನಳಿಗೆಯನ್ನು ಹೃದಯದೊಳಕ್ಕೆ ಕಳುಹಿಸಿ, ಆ ಸುತ್ತುದಾರಿಯನ್ನು ಹುಡುಕಿ, ರೇಡಿಯೊ ತರಂಗಗಳ ಶಾಖದಿಂದ ಸುಟ್ಟುಹಾಕುವುದು. ಆದರೆ ಚಾಗಸ್ ರೋಗಿಗಳಲ್ಲಿ ಈ ಚಿಕಿತ್ಸೆ ಮತ್ತೆ ಮತ್ತೆ ವಿಫಲವಾಗುತ್ತಿತ್ತು. ಅವರಲ್ಲಿ ಎಷ್ಟೋ ವೇಳೆ ಸುತ್ತುದಾರಿ ಇರುವುದು ಹೃದಯದ ಒಳಮೈಯಲ್ಲಲ್ಲ, ಹೊರಮೈಯಲ್ಲಿ. ಒಳಗಿನಿಂದ ಕೊಟ್ಟ ಶಾಖ ಅಲ್ಲಿಗೆ ಮುಟ್ಟುವುದಿಲ್ಲ. ಹೊರಮೈಯನ್ನು ತಲುಪಲು ಎದೆಯನ್ನು ತೆರೆಯಬೇಕಾಗಿತ್ತು. ದುರ್ಬಲ ಹೃದಯದವರಿಗೆ ಅದೇ ಅಪಾಯ.

ಸಾವೊ ಪೌಲೊ ವಿಶ್ವವಿದ್ಯಾಲಯದ ಹೃದಯ ಸಂಸ್ಥೆಯಲ್ಲಿ ಎಡ್ವಾರ್ಡೊ ಸೋಸಾ, ಮೌರಿಸಿಯೊ ಸ್ಕನಾವಾಕಾ, ಆಂಡ್ರೆ ಡಿ ಅವಿಲಾ ಮೊದಲಾದವರು 1996ರಲ್ಲಿ ಬೇರೊಂದು ದಾರಿಯನ್ನು ಪ್ರಕಟಿಸಿದರು. ಹೃದಯವನ್ನು ಎರಡು ಪದರಗಳ ಚೀಲವೊಂದು ಆವರಿಸಿದೆ. ಪದರಗಳ ನಡುವೆ ಅಲ್ಪಸ್ವಲ್ಪ ದ್ರವ ಮಾತ್ರ ಇರುತ್ತದೆ. ರೋಗದಿಂದ ಅಲ್ಲಿ ದ್ರವ ತುಂಬಿಕೊಂಡಾಗ ಸೂಜಿಯಿಂದ ಹೊರತೆಗೆಯುವುದು ಹಳೆಯ ಪದ್ಧತಿ. ದ್ರವ ತುಂಬಿರದ ಚೀಲದೊಳಕ್ಕೆ, ಬಡಿಯುತ್ತಿರುವ ಹೃದಯವನ್ನು ಚುಚ್ಚದೆ, ಸೂಜಿ ತೂರಿಸುವುದು ಸೋಸಾ ತಂಡದ ಸಾಹಸ. ಎದೆಮೂಳೆಯ ಕೆಳತುದಿಯ ಕೆಳಗೆ, ಬೆನ್ನುಹುರಿಯ ಅರಿವಳಿಕೆಗೆ ಬಳಸುವಂತಹ ತುದಿ ಬಾಗಿದ ಸೂಜಿಯನ್ನು ಎಕ್ಸ್-ರೇ ಪರದೆಯನ್ನು ನೋಡುತ್ತ ಮೆಲ್ಲನೆ ಒಳಸೇರಿಸುತ್ತಾರೆ. ಸ್ವಲ್ಪ ಬಣ್ಣದ್ರವವನ್ನು ಬಿಟ್ಟಾಗ ಅದು ಹೃದಯದ ಅಂಚಿನ ಗುಂಟ ತೆಳುಗೆರೆಯಾಗಿ ಹರಡಿದರೆ ಸೂಜಿ ಚೀಲದೊಳಗಿದೆ ಎಂದರ್ಥ. ಆಮೇಲೆ ಸೂಜಿಯ ಮೂಲಕ ತಂತಿ, ತಂತಿಯ ಮೇಲೆ ಕೊಳವೆ, ಕೊಳವೆಯಲ್ಲಿ ಕ್ಯಾತೆಟರ್. ಚೀಲದೊಳಗೆ ಅಡ್ಡಿಯಿಲ್ಲದಿರುವುದರಿಂದ ಕ್ಯಾತೆಟರ್ ಹೃದಯದ ಹೊರಮೈಯ ಬಹುಭಾಗವನ್ನು ಮುಟ್ಟಿ ನೋಡಬಲ್ಲದು.

ಅಪಾಯಗಳು ಇಲ್ಲದಿಲ್ಲ. ಸೂಜಿ ಬಲ ಹೃತ್ಕುಕ್ಷಿಯನ್ನು ಚುಚ್ಚಿ ಚೀಲದಲ್ಲಿ ರಕ್ತ ತುಂಬಿಕೊಳ್ಳಬಹುದು; ಯಕೃತ್ತಿಗೆ ಗಾಯವಾಗಬಹುದು. ಹೃದಯಕ್ಕೆ ರಕ್ತ ಒಯ್ಯುವ ಕರೋನರಿ ನಾಳಗಳು ಹೊರಮೈಯಲ್ಲಿಯೇ ಹಾದುಹೋಗುವುದರಿಂದ ಸುಡುವ ಮುನ್ನ ಅವುಗಳ ಸ್ಥಾನವನ್ನು ಖಚಿತಪಡಿಸಿಕೊಳ್ಳಬೇಕು. ವಪೆಯನ್ನು ಆಡಿಸುವ ನರವೂ ಸಮೀಪದಲ್ಲಿಯೇ ಇದೆ. ಹಿಂದೆ ಹೃದಯದ ಶಸ್ತ್ರಚಿಕಿತ್ಸೆಯಾಗಿದ್ದವರಲ್ಲಿ ಪದರಗಳು ಒಂದಕ್ಕೊಂದು ಅಂಟಿಕೊಂಡು ದಾರಿಯೇ ಮುಚ್ಚಿರಬಹುದು. ಇಷ್ಟಾದರೂ ಈ ವಿಧಾನ ಜಗತ್ತಿನ ಅನೇಕ ಕೇಂದ್ರಗಳಿಗೆ ಹಬ್ಬಿ, ಚಾಗಸ್ ಕಾಯಿಲೆಯಲ್ಲದ ಬೇರೆ ಹೃದಯಸ್ನಾಯು ರೋಗಗಳ ಲಯದೋಷಕ್ಕೂ ಬಳಕೆಗೆ ಬಂದಿದೆ.

ಸ್ಮಾರಕಗಳು

1980ರ ದಶಕದ ಕೊನೆಯಲ್ಲಿ ಬ್ರೆಜಿಲ್ ಸರ್ಕಾರವು ಹೊರಡಿಸಿದ 10,000 ಕ್ರುಜಾಡೊ ನೋಟಿನ ಮೇಲೆ ಚಾಗಸ್ ಅವರ ಭಾವಚಿತ್ರವಿತ್ತು. ಬೆಲೆಂ ನಗರದಲ್ಲಿರುವ ಸಂಶೋಧನಾಲಯಕ್ಕೆ ಅದರ ಸ್ಥಾಪಕರಾದ ಎವಾಂಡ್ರೊ ಚಾಗಸ್ ಅವರ ಹೆಸರಿದೆ. ಬೆರೆನಿಸ್‌ಳ ರಕ್ತದಲ್ಲಿ ಪರೋಪಜೀವಿ ಸಿಕ್ಕಿದ ಏಪ್ರಿಲ್ 14ನ್ನು ವಿಶ್ವ ಚಾಗಸ್ ಕಾಯಿಲೆ ದಿನವೆಂದು ವಿಶ್ವ ಆರೋಗ್ಯ ಸಭೆಯು 2019ರಲ್ಲಿ ಅಂಗೀಕರಿಸಿತು. 2020ರಿಂದ ಅದನ್ನು ಆಚರಿಸಲಾಗುತ್ತಿದೆ.